ನೂಲಿನ ಗೋದಾಮು ದೊಡ್ಡದಿದ್ದ ಮಾತ್ರಕ್ಕೆ ಸೀರೆ ಬೇಗ ಆಗದು

“ನಾಕ್ ಜಿಬಿ ಕಾರ್ಡ್ ಹಾಕಸಾಕತ್ತೀನ್ರಿ, ಜಿಟಿಎ ಓಡತೈತಲ್ರಿ?”

ಕಬ್ಬಿನ ಬಿಲ್ಲು ಕೈಸೇರುವ ತಿಂಗಳುಗಳಲ್ಲಿ ಈ ಪ್ರಶ್ನೆ ನನ್ನ ಫೋನಿಗೆ ಮೇಲಿಂದ ಮೇಲೆ ಬರುತ್ತದೆ. ಕೇಳುವವರು ಜಮಖಂಡಿಯ ಕಾಲೇಜು ಹುಡುಗರು, ಮುಧೋಳದ ಡಿಪ್ಲೊಮಾದವರು, ಬೀಳಗಿ ಕಡೆಯ ಹಳ್ಳಿಗಳವರು, ರಬಕವಿ-ಬನಹಟ್ಟಿಯಲ್ಲಿ ಹಗಲೆಲ್ಲ ಪಾವರ್‌ಲೂಮ್ ನೋಡಿಕೊಂಡು ರಾತ್ರಿ ಒಂದೆರಡು ತಾಸು ಆಟಕ್ಕೆ ಕೂರುವವರು. ಇವರಲ್ಲಿ ಯಾರಿಗೂ ದುಡ್ಡು ಸುಮ್ಮನೆ ಬಂದದ್ದಲ್ಲ. ಅಪ್ಪ ಒಮ್ಮೆ ಹೂಂ ಅಂದದ್ದೇ ದೊಡ್ಡದು. ತಪ್ಪು ಕಾರ್ಡ್ ಮನೆಗೆ ಬಂದರೆ ಇನ್ನೊಂದು ಹಂಗಾಮಿನ ತನಕ ಬಾಯಿ ಬಿಡುವಂತಿಲ್ಲ. ಆದ್ದರಿಂದ ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಟ್ಟು ಫೋನ್ ಇಡಲು ನನಗೆ ಮನಸ್ಸಾಗುವುದಿಲ್ಲ.

ಎಲ್ಲರ ತಲೆಯಲ್ಲೂ ಕಾರ್ಡ್ ಮೊದಲು, ಉಳಿದದ್ದೆಲ್ಲ ಆಮೇಲೆ. ನಾನು ಹೇಳುವ ದಾರಿ ಇದರ ತಿರುವು. ಮಾನಿಟರ್, ಪಾವರ್ ಸಪ್ಲೈ, ಮದರ್‌ಬೋರ್ಡ್, ಕಂಪ್ಯೂಟರ್ ಇಡುವ ಕೋಣೆ ಇವಿಷ್ಟನ್ನು ನೋಡಿ ಮುಗಿಸಿದರೆ ಯಾವ ಕಾರ್ಡ್ ಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಇದಕ್ಕೆ ಅಡ್ಡ ಬರುವುದು ಬಾಯಿಂದ ಬಾಯಿಗೆ ದಾಟಿದ ಕೆಲವು ನಂಬಿಕೆಗಳು.

“ಜಿಬಿ ಜಾಸ್ತಿ ಇದ್ದಷ್ಟೂ ಕಾರ್ಡ್ ಜೋರು”

ಬನಹಟ್ಟಿಯ ಒಂದು ಮಗ್ಗದ ಶೆಡ್ಡನ್ನು ಕಣ್ಣಮುಂದೆ ತಂದುಕೊಳ್ಳಿ. ಕಂಪ್ಯೂಟರಿನ ಪ್ರೊಸೆಸರ್ ಎಂದರೆ ಯಾವ ಕೆಲಸ ಕೊಟ್ಟರೂ ಮಾಡಬಲ್ಲ ನಾಲ್ಕಾರು ಮಂದಿ ಪಳಗಿದ ನೇಕಾರರು. ಗ್ರಾಫಿಕ್ಸ್ ಚಿಪ್ ಎಂದರೆ ಒಂದೇ ಬಗೆಯ ಕೆಲಸವನ್ನು ಒಟ್ಟೊಟ್ಟಿಗೆ ಮಾಡುವ ನೂರಾರು, ಸಾವಿರಾರು ಮಗ್ಗ. ನಮ್ಮ ಮನೆಗಳಲ್ಲಿರುವ ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕಿಗಳಿವೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ 12 ಕೋಟಿಗೂ ಮಿಕ್ಕಿ ಚುಕ್ಕಿಗಳಿಗೆ ಪ್ರತಿ ಸೆಕೆಂಡೂ ಬಣ್ಣ ಗೊತ್ತುಮಾಡಬೇಕು. ನಾಲ್ಕಾರು ನೇಕಾರರಿಂದ ಅದು ಆಗದ ಕೆಲಸ; ಅದಕ್ಕೇ ಮಗ್ಗದ ಶೆಡ್ಡು ಬೇಕು.

ಈಗ ಜಿಬಿ ಎಂದರೇನು? ಶೆಡ್ಡಿನ ಪಕ್ಕದ ನೂಲಿನ ಗೋದಾಮು, ಅಷ್ಟೇ. ಎಷ್ಟು ಮಗ್ಗಗಳಿವೆ ಎಂಬುದು ಬೇರೆ ಲೆಕ್ಕ. ಗೋದಾಮಿನಿಂದ ಮಗ್ಗಕ್ಕೆ ನೂಲು ಎಷ್ಟು ಬೇಗ ಬಂದು ಮುಟ್ಟುತ್ತದೆ ಎಂಬುದು ಇನ್ನೊಂದು ಲೆಕ್ಕ. ಎರಡನೆಯದಕ್ಕೆ ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. 2014ರಲ್ಲಿ ಬಂದ ಜಿಟಿ 730 ಕಾರ್ಡನ್ನು 4 ಜಿಬಿ ಎಂದು ದೊಡ್ಡಕ್ಷರದಲ್ಲಿ ಬರೆದು ಇಂದಿಗೂ ಹೊಸ ಪೆಟ್ಟಿಗೆಯಲ್ಲಿ ಮಾರುವುದುಂಟು. ಅದರಲ್ಲಿ ಹೆಚ್ಚಾಗಿ ಸಿಗುವ ಬಗೆಯಲ್ಲಿ 384 ಕೋರ್, ಅಂದರೆ 384 ಮಗ್ಗ. 64 ಬಿಟ್ ಡಿಡಿಆರ್3 ಮೆಮೊರಿಯಾದರೆ ನೂಲು ಸಾಗುವ ವೇಗ ಸೆಕೆಂಡಿಗೆ ಸುಮಾರು 14 ಜಿಬಿ. 2019ರ ಜಿಟಿಎಕ್ಸ್ 1650 ಕಾರ್ಡಿನಲ್ಲೂ ಇರುವುದು ಅದೇ 4 ಜಿಬಿ. ಆದರೆ ಅದರಲ್ಲಿ 896 ಕೋರ್, ನೂಲಿನ ವೇಗ ಸೆಕೆಂಡಿಗೆ 128 ಜಿಬಿ. 2023ರ ಆರ್‌ಟಿಎಕ್ಸ್ 4060ಕ್ಕೆ ಬಂದರೆ 3,072 ಕೋರ್, 272 ಜಿಬಿ ವೇಗ. ಜಿಟಿ 730 ಎಂದರೆ ಮಗ್ಗ ಕಡಿಮೆ, ದಾರಿ ಇಕ್ಕಟ್ಟು, ಗೋದಾಮು ಮಾತ್ರ ಭರ್ತಿ. ಆ ನೂಲನ್ನು ನೇಯುವವರು ಯಾರು? ಮೇಲಾಗಿ, ಆ ಪೀಳಿಗೆಯ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಅವುಗಳ ಚಿಪ್ ಕಂಪನಿ ಎನ್‌ವಿಡಿಯಾ 2021ರಲ್ಲೇ ನಿಲ್ಲಿಸಿದೆ. 4 ಜಿಬಿ ಎಂಬ ಅಕ್ಷರ ನಂಬಿ ಅದನ್ನು ಕೊಂಡ ಮನೆಗಳನ್ನು ನಾನು ಒಂದೆರಡಲ್ಲ, ಹಲವಾರು ನೋಡಿದ್ದೇನೆ. ಹುಡುಗ ತನ್ನದೇ ತಪ್ಪೆಂದು ತಲೆ ತಗ್ಗಿಸಿ ನಿಂತಿರುತ್ತಾನೆ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅದು ಅವನ ತಪ್ಪಲ್ಲ.

ಹಾಗೆಂದು ಜಿಬಿಗೆ ಬೆಲೆಯೇ ಇಲ್ಲವೆಂದು ತಿಳಿಯಬೇಡಿ. ಆರ್‌ಟಿಎಕ್ಸ್ 4060 ಟಿಐ ಕಾರ್ಡ್ 8 ಜಿಬಿ ಮತ್ತು 16 ಜಿಬಿ ಎರಡರಲ್ಲೂ ಬಂತು, ಚಿಪ್ ಒಂದೇ. ಬಹಳಷ್ಟು ಆಟಗಳಲ್ಲಿ ಎರಡಕ್ಕೂ ವ್ಯತ್ಯಾಸ ಕಾಣದು. ಆದರೆ ಗೋಡೆ, ಮರ, ಮುಖಗಳ ಚಿತ್ರಗಳನ್ನು ದೊಡ್ಡ ಗಾತ್ರದಲ್ಲಿ ಹೊತ್ತು ತರುವ ಹೊಸ ಆಟಗಳಲ್ಲಿ 8 ಜಿಬಿ ತುಂಬಿಹೋಗಿ ಆಟ ತಡವರಿಸುತ್ತದೆ, 16ರಲ್ಲಿ ನೀರಿನಂತೆ ಸಾಗುತ್ತದೆ. ಮಗ್ಗಗಳು ಸರಿಸಮ ಇರುವ ಎರಡು ಶೆಡ್ಡುಗಳಲ್ಲಿ ದೊಡ್ಡ ಗೋದಾಮಿನದನ್ನು ಆರಿಸಿ. ಮಗ್ಗ ಎಣಿಸದೆ ಗೋದಾಮು ಅಳೆಯಬೇಡಿ.

ಮಗ್ಗದ ಈ ಹೋಲಿಕೆಯ ಹಿಂದೆ ಒಂದು ಹಳೆಯ ನಂಟಿದೆ. ಫ್ರಾನ್ಸಿನ ಲಿಯೋನ್ ಪಟ್ಟಣದ ಜೋಸೆಫ್ ಮಾರಿ ಜಕಾರ್ಡ್ 1804ರಲ್ಲಿ ರೂಪಿಸಿದ ಯಂತ್ರವೇ ಇಂದಿಗೂ ನಮ್ಮ ಓಣಿಗಳಲ್ಲಿ ಮಗ್ಗದ ನೆತ್ತಿಯ ಮೇಲೆ ಕುಳಿತಿರುವ ಜಕಾರ್ಡು. ತೂತು ಕೊರೆದ ರಟ್ಟಿನ ಪಟ್ಟಿಗಳು ಸರಪಳಿಯಂತೆ ಸುತ್ತುತ್ತವೆ. ತೂತಿದ್ದಲ್ಲಿ ಹಾಸಿನ ಎಳೆ ಏಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಸೆರಗಿನ ಒಂದು ಸಾಲಿನ ಎಳೆಗಳೆಲ್ಲ ಒಂದೇ ಏಟಿಗೆ ತೀರ್ಮಾನ! ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರಕ್ಕೆ ಯೋಚಿಸಿದ್ದು ಇದೇ ರಟ್ಟುಗಳನ್ನು. ಕಂಪ್ಯೂಟರ್ ಎಲ್ಲಿಂದಲೋ ಬಂದ ಪರಕೀಯ ವಸ್ತು ಎಂದುಕೊಳ್ಳುವ ನೇಕಾರರ ಮಕ್ಕಳಿಗೆ ಈ ಸಂಗತಿ ಗೊತ್ತಿರಬೇಕೆಂದು ನನಗೆ ಬಹಳ ಆಸೆ.

“ಹೆಸರು ಒಂದಾ ಅಂದ್ರ ಕಾರ್ಡೂ ಒಂದಾ”

ಹೀಗೆ ನಂಬಿದವರಿಗೆ ಆಗುವ ನಷ್ಟ ಜಿಬಿಯ ನಷ್ಟಕ್ಕಿಂತ ನೋವಿನದು, ಏಕೆಂದರೆ ಇವರು ಓದಿ, ವಿಚಾರಿಸಿ, ಹೆಸರು ಬರೆದುಕೊಂಡೇ ಅಂಗಡಿಗೆ ಹೋಗಿರುತ್ತಾರೆ. ಜಿಟಿ 1030 ಎಂಬ ಕಾರ್ಡ್ 2017ರಲ್ಲಿ ಜಿಡಿಡಿಆರ್5 ಮೆಮೊರಿಯೊಂದಿಗೆ ಬಂತು. ಬ್ಯಾಂಡ್‌ವಿಡ್ತ್ ಸೆಕೆಂಡಿಗೆ 48 ಜಿಬಿ. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಇನ್ನೊಂದು ಬಂತು, ಅದರದ್ದು 16.8 ಜಿಬಿ. ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಪೆಟ್ಟಿಗೆಯ ಮೇಲೆ ಎರಡಕ್ಕೂ ಜಿಟಿ 1030, ಎರಡಕ್ಕೂ 2 ಜಿಬಿ.

ಇದೊಂದೇ ಆಗಿದ್ದರೆ ಮರೆಯಬಹುದಿತ್ತು. 2016ರ ಜಿಟಿಎಕ್ಸ್ 1060ರಲ್ಲಿ 6 ಜಿಬಿಯದಕ್ಕೆ 1,280 ಕೋರ್, 3 ಜಿಬಿಯದಕ್ಕೆ 1,152. ಆರ್‌ಟಿಎಕ್ಸ್ 3050 ಮೊದಲು 2022ರಲ್ಲಿ ಬಂದಾಗ 8 ಜಿಬಿ, 2,560 ಕೋರ್, 130 ವ್ಯಾಟ್; 2024ರಲ್ಲಿ ಅದೇ ಹೆಸರಿನ 6 ಜಿಬಿ ಕಾರ್ಡಿಗೆ 2,304 ಕೋರ್, 70 ವ್ಯಾಟ್, ಕಿರಿದಾದ ಮೆಮೊರಿ ದಾರಿ. ಇನ್ನೊಂದು ಚಿಪ್ ಕಂಪನಿ ಎಎಂಡಿ ಕಡೆಯಲ್ಲಿ ಆರ್‌ಎಕ್ಸ್ 580 ಎಂಬ ಹೆಸರಿನ ಹಿಂದೆ ‘2048ಎಸ್‌ಪಿ’ ಎಂದು ಸಣ್ಣಗೆ ಬರೆದಿದ್ದರೆ ಅದು ಚಿಪ್ಪಿನ ಮಟ್ಟದಲ್ಲಿ ಆರ್‌ಎಕ್ಸ್ 570. 2022ರಲ್ಲಿ ಎನ್‌ವಿಡಿಯಾ ಆರ್‌ಟಿಎಕ್ಸ್ 4080ನ್ನು 12 ಮತ್ತು 16 ಜಿಬಿ ಎಂದು ಎರಡು ಬಗೆಯಲ್ಲಿ ಪ್ರಕಟಿಸಿತು. ಚಿಪ್ಪೇ ಬೇರೆಯಾಗಿದ್ದ 12 ಜಿಬಿಯದಕ್ಕೆ ಜಗತ್ತಿನೆಲ್ಲೆಡೆ ಆಕ್ಷೇಪ ಎದ್ದಾಗ ಅದನ್ನು ಮಾರುಕಟ್ಟೆಗೆ ಬಿಡುವ ಮುನ್ನವೇ ಹಿಂತೆಗೆದುಕೊಂಡಿತು. ದೊಡ್ಡ ಕಾರ್ಡುಗಳ ವಿಷಯದಲ್ಲಿ ಕೂಗು ಎದ್ದಿತು. ಜಿಟಿ 1030 ಕೊಳ್ಳುವ ಬಡ ಗಿರಾಕಿಯ ಪರವಾಗಿ ಅಂಥ ಫಲ ಕೊಡುವ ಕೂಗು ಏಳಲಿಲ್ಲ ಎಂಬುದು ನನ್ನನ್ನು ಇನ್ನೂ ಕಾಡುತ್ತದೆ.

ಹೆಸರಿನ ಜೊತೆ ನಾಲ್ಕು ಸಂಗತಿ ಕೇಳಿ: ಮೆಮೊರಿ ಯಾವ ಬಗೆ, ಎಷ್ಟು ಬಿಟ್, ಎಷ್ಟು ಕೋರ್, ಎಷ್ಟು ವ್ಯಾಟ್. ಅಂಗಡಿಯವರು ಹೇಳದಿದ್ದರೆ ಪೆಟ್ಟಿಗೆಯ ಮೇಲಿನ ಪೂರ್ತಿ ಮಾದರಿ ಸಂಖ್ಯೆಯನ್ನು ಫೋಟೊ ತೆಗೆದು ಕಂಪನಿಯ ತಾಣದಲ್ಲಿ ನೋಡಿ. ಕೋರ್ ಎಣಿಕೆಯನ್ನು ಒಂದೇ ಕಂಪನಿಯ, ಅದರಲ್ಲೂ ಒಂದೇ ಪೀಳಿಗೆಯ ಕಾರ್ಡುಗಳ ನಡುವೆ ಹೋಲಿಸಬಹುದು. ಎನ್‌ವಿಡಿಯಾದ ಕೋರನ್ನು ಎಎಂಡಿಯ ಕೋರಿನೊಂದಿಗೆ ತೂಗಲಾಗದು.

ಸಂಖ್ಯೆ ದೊಡ್ಡದಿದ್ದರೆ ಹೊಸದು, ಹೊಸದಾದರೆ ವೇಗ ಎಂಬ ಲೆಕ್ಕವೂ ಇದರ ತಮ್ಮ. ಎನ್‌ವಿಡಿಯಾ ಹೆಸರುಗಳಲ್ಲಿ ಮೊದಲ ಅಂಕೆಗಳು ಪೀಳಿಗೆ, ಕೊನೆಯ ಎರಡು ಅಂಕೆಗಳು ದರ್ಜೆ. 2017ರ ಜಿಟಿಎಕ್ಸ್ 1080 ಟಿಐ, ಐದು ವರ್ಷ ಆಮೇಲೆ ಬಂದ ಆರ್‌ಟಿಎಕ್ಸ್ 3050ಗಿಂತ ಆಟದಲ್ಲಿ ಎಷ್ಟೋ ಮುಂದೆ.

“ಮೂರು ಫ್ಯಾನಿನ ಕಾರ್ಡ್ ಅಂದ್ರ ದೊಡ್ಡ ಕಾರ್ಡ್”

ಮುಧೋಳದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಧೋಳ ನಾಯಿಯನ್ನು ಮೈತೂಕ ನೋಡಿ ಆರಿಸುವವರು ಯಾರೂ ಇಲ್ಲ. ಎದೆ, ಕಾಲು, ಕಣ್ಣು ನೋಡುತ್ತಾರೆ. ಒಂದೇ ಚಿಪ್ಪಿನ ಎರಡು ಫ್ಯಾನ್ ಕಾರ್ಡಿಗೂ ಮೂರು ಫ್ಯಾನ್ ಕಾರ್ಡಿಗೂ ಆಟದ ವೇಗದಲ್ಲಿ ವ್ಯತ್ಯಾಸ ಶೇಕಡಾ ಕೆಲವೇ ಅಂಕೆ. ಮೂರು ಫ್ಯಾನಿನದು ತಂಪಾಗಿ, ಸದ್ದಿಲ್ಲದೆ ಓಡಬಹುದು. ನಮ್ಮ ಬಿಸಿಲಿಗೆ ಅದೂ ಒಂದು ಬೆಲೆಯುಳ್ಳ ಗುಣ. ಆದರೆ ಬೆಲೆ ಏರಿದ್ದು ಬಣ್ಣದ ದೀಪಕ್ಕೋ ತಂಪಿಗೋ ಎಂದು ಕೇಳಿಕೊಳ್ಳಿ. ಕೇಸಿನ ಒಳಗಿನ ಉದ್ದ ಅಳೆಯದೆ ಉದ್ದನೆಯ ಕಾರ್ಡ್ ತರಬೇಡಿ.

“ಸಪ್ಲೈ ಮ್ಯಾಲ 450 ವ್ಯಾಟ್ ಅಂತ ಬರದೈತಲ್ರಿ”

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಕಾರ್ಡ್ ಸಾಯುವುದು ಹೆಚ್ಚಾಗಿ ಇಲ್ಲಿಯೇ. ನನ್ನದೇ ಒಂದು ಕಾರ್ಡ್ ಹೀಗೆ ಹೋಯಿತು. ಕೇಸಿನ ಜೊತೆಗೇ ಬಂದ ಪಾವರ್ ಸಪ್ಲೈ, ಮೇಲೆ 450 ಎಂಬ ದಪ್ಪ ಅಂಕೆ. ಒಂದು ಸಂಜೆ ಕರೆಂಟ್ ಹೋಗಿ ಬಂದಾಗ ಚಟ್ ಎಂದು ಸದ್ದಾಯಿತು, ಸುಟ್ಟ ವಾಸನೆ ಬಂತು, ಕಾರ್ಡ್ ಆಮೇಲೆ ಬೆಳಗಲಿಲ್ಲ. ಕೊಂಡ ಅಂಗಡಿಯವರು ಕರೆಂಟಿನ ಮೇಲೆ ಹಾಕಿದರು. ಮನೆಗೆ ಬಂದು ಸಪ್ಲೈಯ ಚೀಟಿಯನ್ನು ಆಗ ಮೊದಲ ಬಾರಿ ಪೂರ್ತಿ ಓದಿದೆ.

ಆ ಚೀಟಿಯಲ್ಲಿ 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಎಂದು ಸಾಲುಗಳಿರುತ್ತವೆ. ಗ್ರಾಫಿಕ್ಸ್ ಕಾರ್ಡ್ ತನ್ನ ಬಲವನ್ನು ಬಹುಪಾಲು ಪಡೆಯುವುದು 12 ವೋಲ್ಟಿನ ಸಾಲಿನಿಂದ. ಅಲ್ಲಿ 16 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿ: 192 ವ್ಯಾಟ್. ಮೇಲೆ ಬರೆದ 450 ಎಲ್ಲಿ, ನಿಜಕ್ಕೂ ಸಿಗುವ 192 ಎಲ್ಲಿ! ಒಳ್ಳೆಯ 450 ವ್ಯಾಟ್ ಸಪ್ಲೈಯಲ್ಲಿ ಇದೇ ಸಾಲು 36–37 ಆಂಪಿಯರ್ ಇರುತ್ತದೆ. ಅಂಗಡಿಯಲ್ಲೇ ನಿಂತು ಮಾಡಬಹುದಾದ ಈ ಒಂದು ಗುಣಾಕಾರ ಎಷ್ಟೋ ಮನೆಗಳ ದುಡ್ಡು ಉಳಿಸುತ್ತದೆ.

ಮದರ್‌ಬೋರ್ಡಿನ ಸ್ಲಾಟು ಕಾರ್ಡಿಗೆ ಕೊಡಬಲ್ಲದ್ದು 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದರೆ ಸಪ್ಲೈಯಿಂದ ನೇರ ತಂತಿ ಬೇಕು. 6 ಪಿನ್ನಿನದು ಇನ್ನೊಂದು 75, 8 ಪಿನ್ನಿನದು 150. ಆ ತಂತಿ ಇಲ್ಲದ ಸಪ್ಲೈಗೆ ಹಳೆಯ ಡಿಸ್ಕಿನ ಪಿನ್ನಿನಿಂದ ಕನ್ವರ್ಟರ್ ಹಾಕಿಕೊಡುವ ರೂಢಿ ಇದೆ. ದಯವಿಟ್ಟು ಒಪ್ಪಬೇಡಿ. ಅಷ್ಟು ಕರೆಂಟು ಹೊರಲು ಆ ಪಿನ್ನು ಹುಟ್ಟಿಲ್ಲ, ಕರಗುತ್ತದೆ.

ಆಫೀಸುಗಳು ಹೊರಹಾಕಿದ ಹಳೆಯ ಕಂಪ್ಯೂಟರುಗಳು ನಮ್ಮ ಊರುಗಳಿಗೆ ಬಹಳ ಬರುತ್ತವೆ. ಕಲಿಯುವವರಿಗೆ ಅವು ವರದಾನ. ಆದರೆ ಅವುಗಳ ಸಪ್ಲೈ ಸಾಮಾನ್ಯವಾಗಿ ಇನ್ನೂರು ಚಿಲ್ಲರೆ ವ್ಯಾಟಿನದು, ಪಿನ್ನಿನ ಆಕಾರ ಆ ಕಂಪನಿಯದೇ, ಹೊರಗಿನ ಸಪ್ಲೈ ಕೂರುವುದಿಲ್ಲ. ಅಂಥದಕ್ಕೆ 75 ವ್ಯಾಟಿನ ಒಳಗಿನ, ತಂತಿ ಬೇಡದ, ಕುಳ್ಳ ಕಾರ್ಡೇ ಗತಿ. 70 ವ್ಯಾಟಿನ ಆರ್‌ಟಿಎಕ್ಸ್ 3050 6 ಜಿಬಿಯನ್ನು ಮೇಲೆ ದೂರಿದೆನಲ್ಲ, ಈ ಜಾಗಕ್ಕೆ ಅದೇ ಸರಿಯಾದ ಆಯ್ಕೆ. ಇನ್ನೊಂದು ಎಚ್ಚರಿಕೆ: ಆರ್‌ಎಕ್ಸ್ 6400, 6500 ಎಕ್ಸ್‌ಟಿ ಕಾರ್ಡುಗಳು ಮದರ್‌ಬೋರ್ಡಿನೊಂದಿಗೆ ನಾಲ್ಕೇ ಎಳೆಯಲ್ಲಿ ಮಾತಾಡುತ್ತವೆ. ಹೊಸ ಬೋರ್ಡಿನಲ್ಲಿ ನಡೆದುಹೋಗುತ್ತದೆ, ಪಿಸಿಐಇ 3.0ದ ಹಳೆಯ ಬೋರ್ಡಿನಲ್ಲಿ ದಾರಿ ಅರ್ಧಕ್ಕೆ ಇಳಿದು ಆಟ ಕುಂಟುತ್ತದೆ. ಇಂಟೆಲ್‌ನ ಆರ್ಕ್ ಕಾರ್ಡುಗಳಿಗೂ ರಿಸೈಜಬಲ್ ಬಾರ್ ಎಂಬ ಸೌಲಭ್ಯವಿರುವ ಬೋರ್ಡ್ ಬೇಕೇ ಬೇಕು. ಹಳೆಯ ಯಂತ್ರಕ್ಕೆ ಅಗ್ಗದ ಹೊಸ ಕಾರ್ಡ್ ಹುಡುಕುವವರು ಈ ಎರಡು ಗುಂಡಿಗಳಿಗೆ ಬೀಳುವುದು ಹೆಚ್ಚು.

ಇನ್ನು ಕರೆಂಟಿನ ಮಾತು. ಬೇಸಗೆಯಲ್ಲಿ ಹೊಲಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದಾಗ ಮನೆಯ ದೀಪ ಮಂಕಾಗುವುದು ನಮಗೆ ಹೊಸತಲ್ಲ. ಸಪ್ಲೈಯ ಚೀಟಿಯಲ್ಲಿ 100–240 ವೋಲ್ಟ್ ಎಂದಿದೆಯೋ, 200–240 ಎಂದಿದೆಯೋ ನೋಡಿ. ಮೊದಲನೆಯದು ವೋಲ್ಟೇಜ್ ಇಳಿದರೂ ತಾಳಿಕೊಳ್ಳುತ್ತದೆ. ಹೆಚ್ಚು ಹಾನಿ ಮಾಡುವುದು ಹೋದ ಕರೆಂಟು ಮರಳಿ ಬರುವ ಕ್ಷಣದ ಏಟು. ಕರೆಂಟ್ ಹೋದೊಡನೆ ಗೋಡೆಯ ಸ್ವಿಚ್ ಆರಿಸಿ, ಬಂದ ಮೇಲೆ ಐದು ನಿಮಿಷ ಬಿಟ್ಟು ಹಾಕುವುದು ಖರ್ಚಿಲ್ಲದ ರಕ್ಷಣೆ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ವರ್ಷಗಳಾಗಿದ್ದರೆ, ಬೇಸಗೆಯಲ್ಲಿ ಅದಕ್ಕೆ ನೀರೂ ಬೀಳದಿದ್ದರೆ, ಕಾರ್ಡಿಗಿಂತ ಮೊದಲು ಆ ಕೆಲಸ ಮುಗಿಸಿ. 600 ವಿಎ ಯುಪಿಎಸ್ ಎಂದರೆ ಸುಮಾರು 360 ವ್ಯಾಟ್ ಮಾತ್ರ. ಆಟ ಮುಂದುವರಿಸಲು ಅದು ಸಾಲದು, ಸರಿಯಾಗಿ ಶಟ್‌ಡೌನ್ ಮಾಡಲು ಸಾಕು.

ಬಿಲ್ಲಿನ ಒಂದು ಮಾತನ್ನೂ ಸೇರಿಸುತ್ತೇನೆ. ಆಟದ ಹೊತ್ತಿಗೆ ಇಡೀ ಯಂತ್ರ 250 ವ್ಯಾಟ್ ಎಳೆದರೆ, ದಿನಕ್ಕೆ ನಾಲ್ಕು ತಾಸಿನಂತೆ ತಿಂಗಳಿಗೆ 30 ಯೂನಿಟ್. 2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಎಲ್ಲರಿಗೂ ಉಚಿತ ಎಂದು ಬಹಳ ಜನ ತಿಳಿದಿದ್ದಾರೆ. ಉಚಿತವಾಗಿ ಸಿಗುವುದು ಆ ಮನೆಯ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಒಂದಿಷ್ಟು. 200 ಅದರ ಮೇಲ್ಮಿತಿ. ತಿಂಗಳಿಗೆ 60 ಯೂನಿಟ್ ಉರಿಸುತ್ತಿದ್ದ ಮನೆಗೆ ಹೊಸ 30 ಯೂನಿಟ್ ಬಂದರೆ ಹೆಸ್ಕಾಂ ಬಿಲ್ಲು ಕಾಣಿಸಿಕೊಳ್ಳುತ್ತದೆ. ಅಪ್ಪನಿಗೆ ಇದನ್ನು ಮೊದಲೇ ಹೇಳಿಟ್ಟಿರುವುದು ಒಳ್ಳೆಯದು. 185 ವ್ಯಾಟಿನ ಹಳೆಯ ಆರ್‌ಎಕ್ಸ್ 580 ಅಗ್ಗವೆಂದು ತರುವವರು 132 ವ್ಯಾಟಿನ ಆರ್‌ಎಕ್ಸ್ 6600, 115 ವ್ಯಾಟಿನ ಆರ್‌ಟಿಎಕ್ಸ್ 4060 ಅದಕ್ಕಿಂತ ಬಹಳ ಜೋರಾಗಿ ಓಡುತ್ತವೆಂಬುದನ್ನೂ ಲೆಕ್ಕಕ್ಕೆ ಹಿಡಿಯಲಿ.

“ಬಿಸಿ ಆದ್ರ ಕಾರ್ಡ್ ಕೆಟ್ಟೈತಿ ಅಂತ”

ಕಾರ್ಡ್ 75 ಡಿಗ್ರಿ ಮುಟ್ಟಿತೆಂದು ಗಾಬರಿಯಾಗಿ ಫೋನ್ ಮಾಡುವವರಿದ್ದಾರೆ. ಆರ್‌ಟಿಎಕ್ಸ್ 3060ಕ್ಕೆ ಕಂಪನಿಯೇ ಕೊಟ್ಟ ಗರಿಷ್ಠ ಮಿತಿ 93 ಡಿಗ್ರಿ, 4060ಕ್ಕೆ 90. ಮಿತಿ ಹತ್ತಿರವಾದರೆ ಚಿಪ್ ತಾನೇ ವೇಗ ತಗ್ಗಿಸಿಕೊಂಡು ಬದುಕುತ್ತದೆ. ಕೆಡುವುದಿಲ್ಲ, ಆಟ ನಿಧಾನವಾಗುತ್ತದೆ. ನಮ್ಮ ಕಷ್ಟ ಬೇರೆ. ಫ್ಯಾನ್ ಊದುವುದು ಕೋಣೆಯ ಗಾಳಿಯನ್ನೇ. ಬೆಂಗಳೂರಿನ 28 ಡಿಗ್ರಿ ಕೋಣೆಯಲ್ಲಿ 70ರಲ್ಲಿ ಓಡಿದ ಕಾರ್ಡ್, ಮೇ ತಿಂಗಳ ಮಧ್ಯಾಹ್ನ ಇಲ್ಲಿನ 41 ಡಿಗ್ರಿಯಲ್ಲಿ ಹೆಚ್ಚುಕಡಿಮೆ 83ಕ್ಕೆ ಏರುತ್ತದೆ. ಯಾರೋ ತಂಪು ಕೋಣೆಯಲ್ಲಿ ಕುಳಿತು ಮಾಡಿದ ವಿಡಿಯೊದ ಅಂಕೆ ನಮ್ಮ ಆರ್‌ಸಿಸಿ ಮನೆಯ ಮೇಲ್ಮಹಡಿಗೆ ಹೊಂದುವುದಿಲ್ಲ. ಮಣ್ಣಿನ ಮಾಳಿಗೆಯ ಹಳೆಯ ಮನೆಯಿದ್ದವರು ಪುಣ್ಯವಂತರು, ಕಂಪ್ಯೂಟರನ್ನು ಆ ಕೋಣೆಯಲ್ಲಿಡಿ.

ಬಿಸಿಲಿಗಿಂತ ದೊಡ್ಡ ಶತ್ರು ಹಿಂಜು. ಮನೆಯಲ್ಲೇ ಮಗ್ಗವಿದ್ದರೆ ಹತ್ತಿಯ ನವಿರಾದ ಎಳೆಗಳು ಗಾಳಿಯಲ್ಲಿ ತೇಲಿ ಬಂದು ಕಾರ್ಡಿನ ಅಲ್ಯುಮಿನಿಯಂ ಹಲ್ಲುಗಳ ನಡುವೆ ಕೂತು ಕಂಬಳಿಯಂತೆ ಹೆಪ್ಪುಗಟ್ಟುತ್ತವೆ. ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ, ಗಾಳಿ ಒಳಗೆ ಹೋಗುತ್ತಿರುವುದಿಲ್ಲ. ಸಕ್ಕರೆ ಕಾರ್ಖಾನೆ ಹತ್ತಿರದ ಊರುಗಳಲ್ಲಿ ಹಂಗಾಮಿನ ಬೂದಿ, ಬೀಳಗಿ ಕಡೆ ಎರೆಮಣ್ಣಿನ ಧೂಳು. ಕೇಸಿನ ಮುಂಭಾಗಕ್ಕೆ ತೊಳೆಯಬಹುದಾದ ಜಾಲರಿ ಹಾಕಿ ವಾರಕ್ಕೊಮ್ಮೆ ಝಾಡಿಸಿ. ತಿಂಗಳಿಗೊಮ್ಮೆ ಬ್ಲೋವರಿನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ಹುಚ್ಚುವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಕಂಪ್ಯೂಟರ್ ಮೇಜಿನ ಮುಚ್ಚಿದ ಕಪಾಟಿನೊಳಗೆ ಕೇಸನ್ನು ತುರುಕಬೇಡಿ.

“ದೊಡ್ಡ ಕಾರ್ಡ್ ಹಾಕಿದ್ರ ಎಲ್ಲಾ ಆಟ ಚಲೋ ಕಾಣತಾವ”

ಕಾರ್ಡ್ ಎಷ್ಟು ಚಿತ್ರ ನೇಯ್ದರೂ ಕಣ್ಣಿಗೆ ತಲುಪಿಸುವುದು ಮಾನಿಟರ್. 60 ಹರ್ಟ್ಜ್ ಮಾನಿಟರ್ ಸೆಕೆಂಡಿಗೆ 60 ಚಿತ್ರಕ್ಕಿಂತ ಹೆಚ್ಚು ತೋರಿಸಲಾರದು. ಹಳೆಯ 1366×768ರ ಪರದೆಯಲ್ಲಿ ಹತ್ತೂವರೆ ಲಕ್ಷ ಚುಕ್ಕಿ, ಫುಲ್ ಎಚ್‌ಡಿಯ ಅರ್ಧ. ಅದಕ್ಕೆ ದುಬಾರಿ ಕಾರ್ಡ್ ಜೋಡಿಸಿದರೆ ಬಾವಿಯ ನೀರೆಲ್ಲ ಒಂದು ಚೊಂಬಿಗೆ ಸುರಿದಂತೆ. 4ಕೆ ಪರದೆಗೆ ಹೋದರೆ ಚುಕ್ಕಿಗಳು ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಅಲ್ಲಿ ಮಧ್ಯಮ ಕಾರ್ಡ್ ಸೋಲುತ್ತದೆ. ನಮ್ಮ ಬಹುಪಾಲು ಹುಡುಗರಿಗೆ ಫುಲ್ ಎಚ್‌ಡಿಯೇ ಸರಿ. 60 ಹರ್ಟ್ಜ್ ಪರದೆಯವರು ಆಟದ ಸೆಟ್ಟಿಂಗಿನಲ್ಲಿ 60ಕ್ಕೆ ಮಿತಿ ಹಾಕಿದರೆ ಬಿಸಿಯೂ ಕರೆಂಟೂ ಇಳಿಯುತ್ತವೆ.

ವ್ಯಾಲೊರಂಟ್‌ನಂಥ ಆಟಗಳು ಪ್ರೊಸೆಸರಿನ ಮೇಲೆ ಹೆಚ್ಚು ಭಾರ ಹಾಕುತ್ತವೆ. ಹಳೆಯ ಪ್ರೊಸೆಸರಿಗೆ ಎಷ್ಟೇ ದೊಡ್ಡ ಕಾರ್ಡ್ ಕೊಟ್ಟರೂ ಚಿತ್ರದ ಸಂಖ್ಯೆ ಏರುವುದಿಲ್ಲ. ಜಾಹೀರಾತಿನ ಅಂಕೆಗಳನ್ನೂ ಹಾಗೇ ನಂಬಬೇಡಿ: 2025ರ ಜನವರಿಯಲ್ಲಿ ಆರ್‌ಟಿಎಕ್ಸ್ 5070 ಹಿಂದಿನ 4090ಕ್ಕೆ ಸಮ ಎಂದು ವೇದಿಕೆಯ ಮೇಲೆ ಹೇಳಲಾಯಿತು. ಆ ಸಮತೆ ನಿಂತದ್ದು ಎರಡು ನಿಜಚಿತ್ರಗಳ ನಡುವೆ ಕಾರ್ಡೇ ಊಹಿಸಿ ತುಂಬುವ ಚಿತ್ರಗಳ ಮೇಲೆ. ಮೂಲದಲ್ಲಿ 60ರ ಆಸುಪಾಸು ನಿಜಚಿತ್ರ ಇದ್ದಾಗ ಆ ತಂತ್ರ ಸೊಗಸು. 20 ಇದ್ದಾಗ ಕಣ್ಣಿಗೆ ನಯ, ಕೈಗೆ ಭಾರ.

ಹೊಸ ಕಾರ್ಡ್ ಹಾಕಿಯೂ ಏನೂ ಬದಲಾಗಲಿಲ್ಲ ಎಂದು ಅಳುಮೋರೆ ಮಾಡಿದವರ ಮನೆಗೆ ಹೋದಾಗ ನಾನು ಮೊದಲು ಹಿಂಬದಿ ನೋಡುತ್ತೇನೆ. ಮಾನಿಟರಿನ ಕೇಬಲ್ ಮದರ್‌ಬೋರ್ಡಿಗೇ ಚುಚ್ಚಿರುತ್ತದೆ. ಕಾರ್ಡಿನ ತೂತಿಗೆ ಬದಲಿಸಿದರೆ ಮುಗಿಯಿತು.

“ಸೆಕೆಂಡ್ ಹ್ಯಾಂಡ್ ಅಂದ್ರ ಮೈನಿಂಗ್ ಕಾರ್ಡ್, ಮುಟ್ಟಬ್ಯಾಡ”

2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಎಂಬ ಕ್ರಿಪ್ಟೊ ನಾಣ್ಯದ ಜಾಲ ತನ್ನ ಪದ್ಧತಿ ಬದಲಿಸಿದಾಗ ಗ್ರಾಫಿಕ್ಸ್ ಕಾರ್ಡಿನಿಂದ ಅದನ್ನು ಗಣಿಗಾರಿಕೆ ಮಾಡುವುದು ನಿಂತುಹೋಯಿತು, ಹಗಲಿರುಳು ದುಡಿದ ಕಾರ್ಡುಗಳು ಮಾರುಕಟ್ಟೆಗೆ ಹರಿದುಬಂದವು. ಅವೆಲ್ಲ ಹೆಣಗಳೆಂದು ತಳ್ಳಿಹಾಕುವುದು ತಪ್ಪು. ಚಿಪ್ಪು ಸಾಮಾನ್ಯವಾಗಿ ಗಟ್ಟಿ. ಸವೆಯುವುದು ಫ್ಯಾನ್, ಒಣಗುವುದು ಥರ್ಮಲ್ ಪೇಸ್ಟ್ ಮತ್ತು ಪ್ಯಾಡ್. ನಾನು ಹೆದರುವುದು ನಕಲಿಗೆ. ಹಲವು ವರ್ಷ ಹಳೆಯ ಚಿಪ್ಪಿಗೆ ಬಯಾಸ್ (ಕಾರ್ಡಿನೊಳಗಿನ ಮೂಲ ತಂತ್ರಾಂಶ) ಬದಲಿಸಿ ಜಿಟಿಎಕ್ಸ್ 1050 ಟಿಐ ಎಂದು ಮಾರಿದ್ದಿದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಅಂಥ ಎಷ್ಟೋ ನಕಲಿ ಕಾರ್ಡುಗಳನ್ನು ಹೆಸರಿನ ಮುಂದೆಯೇ ನಕಲಿ ಎಂದು ಗುರುತಿಸಿ ತೋರಿಸುತ್ತದೆ. ಪೆನ್‌ಡ್ರೈವಿನಲ್ಲಿ ಅದನ್ನು ಒಯ್ಯಿರಿ, ಕಣ್ಣೆದುರು ಅರ್ಧ ತಾಸು ಭಾರವಾದ ಆಟ ಓಡಿಸಿ ನೋಡಿ, ಬಿಲ್ಲಿನ ಮೇಲಿನ ಸೀರಿಯಲ್ ಸಂಖ್ಯೆಯನ್ನು ಕಾರ್ಡಿನ ಮೇಲಿನದಕ್ಕೆ ತಾಳೆ ಹಾಕಿ. ಜಿಟಿಎಕ್ಸ್ 10ರ ಸರಣಿ ಕೊಳ್ಳುವವರಿಗೆ ಇನ್ನೊಂದು ಮಾತು: ಆ ಪೀಳಿಗೆಗೂ ಹೊಸ ಆಟಗಳ ಡ್ರೈವರ್ 2025ಕ್ಕೆ ಕೊನೆಯಾಗಿದೆ.

“ಕಾರ್ಡ್ ಇಲ್ದ ಆಟನ ಇಲ್ಲ”

ರೈಜನ್ 5 5600ಜಿ, 8600ಜಿ ಥರದ ಪ್ರೊಸೆಸರುಗಳ ಒಳಗೇ ಒಂದು ಸಣ್ಣ ಮಗ್ಗದ ಶೆಡ್ಡಿದೆ. ಅದಕ್ಕೆ ಸ್ವಂತ ಗೋದಾಮಿಲ್ಲ. ಕಂಪ್ಯೂಟರಿನ ರ್‍ಯಾಮಿನಿಂದಲೇ ನೂಲು. ಆದ್ದರಿಂದ 16 ಜಿಬಿಯ ಒಂದು ಕಡ್ಡಿಯ ಬದಲು 8ರ ಎರಡು ಕಡ್ಡಿ ಹಾಕಿದರೆ ದಾರಿ ಎರಡಾಗಿ ಆಟ ಎದ್ದು ಕಾಣುವಷ್ಟು ಚುರುಕಾಗುತ್ತದೆ.

ಕಾರ್ಡ್ ಹಾಕುವವರೂ ಒಳಗೆ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಆರಿಸಲಿ ಎಂದು ನಾನು ಹಟ ಹಿಡಿಯುತ್ತೇನೆ. ಇಂಟೆಲ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಒಳಗ್ರಾಫಿಕ್ಸ್ ಇಲ್ಲ. ಬೆಲೆ ತುಸು ಕಡಿಮೆ. ದೊಡ್ಡ ಊರಿನವನಿಗೆ ಆ ಉಳಿತಾಯ ಸರಿ. ನಮ್ಮಲ್ಲಿ ವಾರಂಟಿಗೆಂದು ಕಾರ್ಡನ್ನು ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಬೇಕು, ಬರಲು ವಾರಗಟ್ಟಲೆ ಆಗಬಹುದು. ಅಷ್ಟು ದಿನ ತಂಗಿಯ ಆನ್‌ಲೈನ್ ಪಾಠ, ಅಂಗಡಿಯ ಲೆಕ್ಕ ಎಲ್ಲ ಬಂದ್. ಒಳಗ್ರಾಫಿಕ್ಸ್ ಇದ್ದರೆ ಕಂಪ್ಯೂಟರ್ ಬದುಕಿರುತ್ತದೆ. ಎನ್‌ವಿಡಿಯಾ, ಎಎಂಡಿ ಎಂಬ ಹೆಸರಿದ್ದರೂ ವಾರಂಟಿ ಕೊಡುವುದು ಸಾಮಾನ್ಯವಾಗಿ ಕಾರ್ಡ್ ಕಟ್ಟಿದ ಕಂಪನಿ. ಅದರ ಸರ್ವಿಸ್ ಎಲ್ಲಿದೆ ಎಂದು ಕೊಳ್ಳುವ ಮೊದಲೇ ಕೇಳಿ, ಜಿಎಸ್‌ಟಿ ಬಿಲ್ಲು, ಪೆಟ್ಟಿಗೆ ಎತ್ತಿಡಿ.

“ಡಿಸೈನ್, ವಿಡಿಯೊ ಮಾಡವ್ರಿಗೂ ಗೇಮಿಂಗ್ ಕಾರ್ಡ್ ಬೇಕಾ ಬೇಕು”

ಸೀರೆಯ ಜಕಾರ್ಡ್ ವಿನ್ಯಾಸ ಬಿಡಿಸುವ ತಂತ್ರಾಂಶಕ್ಕೆ ದೊಡ್ಡ ಕಾರ್ಡ್ ಬೇಡ. ಅದು ಚೌಕಟ್ಟಿನ ಮೇಲೆ ಚುಕ್ಕಿ ಇಡುವ ಕೆಲಸ. ಒಳ್ಳೆಯ ಮಾನಿಟರ್, ಸಾಕಷ್ಟು ರ್‍ಯಾಮ್ ಇದ್ದರೆ ಆಯಿತು. ಮದುವೆ ವಿಡಿಯೊದವರ ಕತೆ ಬೇರೆ. ವಿಡಿಯೊ ಬೇಗ ರೆಂಡರ್ ಆಗಲೆಂದು ಜಿಟಿ 1030 ಹಾಕಿಸಿಕೊಂಡವರನ್ನು ನೋಡಿ ನನಗೆ ಸಂಕಟವಾಗಿದೆ: ಆ ಕಾರ್ಡಿನಲ್ಲಿ ವಿಡಿಯೊ ಹೆಣೆಯುವ ಎನ್‌ಕೋಡರ್ ಇಲ್ಲವೇ ಇಲ್ಲ. ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲೂ ಇಲ್ಲ. ಅಂಥವರಿಗೆ ಎನ್‌ಕೋಡರ್ ಇರುವ ಕಾರ್ಡ್ ಅನ್ನಕ್ಕೆ ದಾರಿ.

ಕಳೆದ ಹಂಗಾಮಿನಲ್ಲಿ ತೇರದಾಳ ಕಡೆಯ ಒಬ್ಬ ಹುಡುಗ 4 ಜಿಬಿಯ ಜಿಟಿ 730 ತರಲು ದುಡ್ಡು ಕಟ್ಟಿಟ್ಟುಕೊಂಡಿದ್ದ. ಅವನ ಹತ್ತಿರ 5600ಜಿ ಇದ್ದ ಯಂತ್ರ, ಅದರಲ್ಲಿ ರ್‍ಯಾಮಿನ ಒಂದೇ ಕಡ್ಡಿ, ಹೆಸರಿಲ್ಲದ ಸಪ್ಲೈ. ಅದೇ ದುಡ್ಡಿನಲ್ಲಿ ಇನ್ನೊಂದು ಕಡ್ಡಿ ಹಾಕಿಸಿದೆವು; ಮಿಕ್ಕಿದ್ದಕ್ಕೆ ಅವನ ಅಕ್ಕ ಸ್ವಲ್ಪ ಸೇರಿಸಿ ಒಳ್ಳೆಯ ಸಪ್ಲೈ ಕೊಡಿಸಿದಳು. ಈಗ ಅವನು ಕಾರ್ಡ್ ಇಲ್ಲದೆಯೇ ವ್ಯಾಲೊರಂಟ್ ಆಡುತ್ತಾನೆ. ಮೊನ್ನೆ ವಾಟ್ಸ್‌ಆ್ಯಪ್‌ನಲ್ಲಿ ನೋಟ್‌ಬುಕ್ಕಿನ ಒಂದು ಹಾಳೆಯ ಫೋಟೊ ಬಂತು. ಪೆನ್ನಿನಲ್ಲಿ ಬರೆದಿದ್ದ: 12 ವೋಲ್ಟ್ ಸಾಲು 37 ಆಂಪಿಯರ್, 8 ಪಿನ್ ತಂತಿ ಒಂದು, ಕೇಸಿನ ಒಳ ಉದ್ದ 310 ಮಿ.ಮೀ., ಮಾನಿಟರ್ ಫುಲ್ ಎಚ್‌ಡಿ 75 ಹರ್ಟ್ಜ್, ಕೋಣೆಯಲ್ಲಿ ಮಗ್ಗ ಇಲ್ಲ. ಕೆಳಗೆ ಒಂದು ಪ್ರಶ್ನೆ: “ಈ ಸಲ ಬಿಲ್ಲು ಬಂದ ಮ್ಯಾಲ, ಇದಕ್ಕ ಯಾವ ಕಾರ್ಡ್ ಹೊಂದತೈತ್ರಿ?”